ಕೇಳಿ ಪಡೆಯಬೇಕಾದ ರಿಯಾಯಿತಿಗಳು: ಬೆಂಗಳೂರಿಗೆ ಓದಲು ಬರುವವರಿಗೆ

ನಾನು ಕಲಬುರಗಿ ಕಡೆಯವನು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಎಂ.ಎ. ಓದಿ, ಈಗ ಅಲ್ಲೇ ಪಿಎಚ್.ಡಿ. ಮಾಡುತ್ತಿದ್ದೇನೆ. ಪ್ರತಿ ವರ್ಷ ನಮ್ಮ ಕಡೆಯಿಂದ ಹೊಸಬರು ಬಂದಾಗ ಮೊದಲು ಕೇಳುವುದು ಒಂದೇ: "ಅಣ್ಣಾ, ಯಾವ ಆ್ಯಪ್ ಹಾಕ್ಕೊಂಡ್ರೆ ದುಡ್ಡು ಉಳಿಯುತ್ತೆ?" ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ವಿದ್ಯಾರ್ಥಿಗೆ ನಿಜವಾಗಿ ದುಡ್ಡು ಉಳಿಸುವ ರಿಯಾಯಿತಿಗಳಿಗೆ ಜಾಹೀರಾತು ಇರುವುದಿಲ್ಲ. ಅವು ಕಾಲೇಜು ಆಫೀಸಿನ ಕಿಟಕಿಯಲ್ಲಿ, ರೈಲ್ವೆ ಕೌಂಟರಿನಲ್ಲಿ, ನಾಡಕಚೇರಿಯಲ್ಲಿ, ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಇವೆ. ಒಂದೊಂದಕ್ಕೂ ಒಂದು ಕಾಗದ ಬೇಕು, ಒಂದು ಕೊನೆಯ ದಿನಾಂಕ ಇರುತ್ತದೆ. ಯಾರೂ ಕರೆದು ಕೊಡುವುದಿಲ್ಲ, ನಾವೇ ಹೋಗಿ ಕೇಳಬೇಕು. ಹಳ್ಳಿಯಿಂದ ಬಂದವರು ಕೇಳಲು ನಾಚಿಕೊಳ್ಳುತ್ತಾರೆ. ದಯವಿಟ್ಟು ನಾಚಬೇಡಿ. ಇದು ಯಾರೋ ಕೊಡುವ ದಾನ ಅಲ್ಲ, ನಿಮಗೆಂದೇ ಮಾಡಿಟ್ಟ ನಿಯಮ.

ಮೊದಲ ವಾರದ ಕೆಲಸ

ಅಡ್ಮಿಷನ್ ಆದ ವಾರದಲ್ಲೇ ಒಂದು ಫೈಲ್ ಮಾಡಿಕೊಳ್ಳಿ. ಫೋನಿನಲ್ಲೂ ಅದರ ಸ್ಕ್ಯಾನ್ ಇರಲಿ. ಅದರಲ್ಲಿ ಇರಬೇಕಾದದ್ದು: ಶುಲ್ಕ ಕಟ್ಟಿದ ರಸೀದಿ, ಕಾಲೇಜಿನ ಗುರುತಿನ ಚೀಟಿ, ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಮತ್ತೆ ವ್ಯಾಸಂಗ ಪ್ರಮಾಣ ಪತ್ರ. ಕೊನೆಯದನ್ನು ಎಲ್ಲರೂ ಬೋನಫೈಡ್ ಎನ್ನುತ್ತಾರೆ. ಅದನ್ನು ಒಂದೇ ಸಲಕ್ಕೆ ಮೂರ್ನಾಲ್ಕು ಪ್ರತಿ, ಸಹಿ ಸೀಲು ಹಾಕಿಸಿ ಇಟ್ಟುಕೊಳ್ಳಿ. ಬೇಕಾದಾಗಲೆಲ್ಲ ಆಫೀಸಿಗೆ ಹೋಗಿ ನಿಲ್ಲುವುದು ತಪ್ಪುತ್ತದೆ.

ಇಲ್ಲಿ ಒಂದು ಸಣ್ಣ ವಿಷಯಕ್ಕೆ ಜಾಸ್ತಿ ಗಮನ ಕೊಡಿ. ಆಧಾರ್‌ನಲ್ಲಿರುವ ಹೆಸರು, ಅಂಕಪಟ್ಟಿಯಲ್ಲಿರುವ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನ ಹೆಸರು ಮೂರೂ ಒಂದೇ ಥರ ಇವೆಯಾ ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಅಪ್ಪನ ಹೆಸರು ಪೂರ್ತಿ. ನಮ್ಮ ಕಡೆ ಇದು ಮನೆಮನೆಯ ಕಥೆ. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಇಂಥ ಕಡೆಯೇ. ಜಾತಿ, ಆದಾಯ ಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಪೋರ್ಟಲ್‌ಗೆ ಬೇಕಾಗುವುದು ಆ ಸಂಖ್ಯೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ, ಸರ್ಕಾರದ ಹಣ ಆ ಖಾತೆಗೇ ಬರುವಂತೆ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ ಎಂದು ಬ್ಯಾಂಕಿನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ. ವಿದ್ಯಾರ್ಥಿವೇತನ ರಿಯಾಯಿತಿ ಅಲ್ಲ, ನಿಜ. ಆದರೆ ಕಾಗದಗಳು ಎರಡಕ್ಕೂ ಅವೇ.

ರೈಲಿನ ಅರ್ಧ ಟಿಕೆಟ್

ನನ್ನಂಥ ದೂರದೂರಿನವರಿಗೆ ಎಲ್ಲಕ್ಕಿಂತ ದೊಡ್ಡ ಉಳಿತಾಯ ಇದು. ಇದರ ಬಗ್ಗೆ ಗೊತ್ತಿಲ್ಲದವರೇ ಜಾಸ್ತಿ. 2020ರ ಮಾರ್ಚ್‌ನಲ್ಲಿ ಕೋವಿಡ್ ಹೆಸರಿನಲ್ಲಿ ರೈಲ್ವೆ ಹಲವು ರಿಯಾಯಿತಿ ನಿಲ್ಲಿಸಿತು. ಹಿರಿಯ ನಾಗರಿಕರದ್ದು ಹೋಯಿತು. ಹಾಗಾಗಿ ವಿದ್ಯಾರ್ಥಿಗಳದ್ದೂ ಹೋಗಿದೆ ಎಂದು ಜನ ಅಂದುಕೊಂಡಿದ್ದಾರೆ. ಹೋಗಿಲ್ಲ. ವಿದ್ಯಾರ್ಥಿ, ರೋಗಿ, ಅಂಗವಿಕಲರ ರಿಯಾಯಿತಿಗಳನ್ನು ಉಳಿಸಿಕೊಂಡಿದ್ದಾರೆ.

ನಿಯಮ ಹೀಗಿದೆ. ರಜೆಗೆ ಸ್ವಂತ ಊರಿಗೆ ಹೋಗಿಬರಲು, ಅಥವಾ ಕಾಲೇಜಿನ ಶೈಕ್ಷಣಿಕ ಪ್ರವಾಸಕ್ಕೆ, ಸೆಕೆಂಡ್ ಕ್ಲಾಸ್ ಮತ್ತು ಸ್ಲೀಪರ್‌ನಲ್ಲಿ ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 75 ಕಡಿತ. ವಯಸ್ಸಿನ ಮಿತಿ ಸಾಮಾನ್ಯರಿಗೆ 25, ಪರಿಶಿಷ್ಟರಿಗೆ 27. ಸಂಶೋಧನಾ ವಿದ್ಯಾರ್ಥಿಗಳಿಗೆ 35ರ ತನಕ, ಸಂಶೋಧನೆಯ ಕೆಲಸಕ್ಕೆ ಹೋಗುವ ಪ್ರಯಾಣಕ್ಕೆ ಶೇ 50. ನನ್ನ ವಿಷಯ ನಿಜಾಮರ ಕಾಲದ ನಮ್ಮ ಸೀಮೆಯದು. ಅದರ ಕಡತಗಳಿರುವುದು ಹೈದರಾಬಾದಿನ ತಾರ್ನಾಕದ ಪತ್ರಾಗಾರದಲ್ಲಿ. ಅಲ್ಲಿಗೆ ಹೋಗುವಾಗ ನಾನು ಬಳಸುವುದು ಇದೇ ನಿಯಮ.

ಈ ಟಿಕೆಟ್ ಐಆರ್‌ಸಿಟಿಸಿಯಲ್ಲಿ ಸಿಗುವುದಿಲ್ಲ. ಸ್ಟೇಷನ್ನಿನ ರಿಸರ್ವೇಷನ್ ಕೌಂಟರಿಗೇ ಹೋಗಬೇಕು. ಕೈಯಲ್ಲಿ ಕನ್ಸೆಷನ್ ಫಾರ್ಮು ಇರಬೇಕು. ಆ ಫಾರ್ಮಿನ ಪುಸ್ತಕವನ್ನು ರೈಲ್ವೆಯವರು ಕಾಲೇಜಿಗೆ ಕೊಟ್ಟಿರುತ್ತಾರೆ. ಆಫೀಸಿನಲ್ಲಿ "ರೈಲ್ವೆ ಕನ್ಸೆಷನ್ ಫಾರ್ಮು ಬೇಕು" ಎಂದು ಕೇಳಿ. ನಮ್ಮಲ್ಲಿಲ್ಲ ಎಂದರೆ ಬಿಟ್ಟು ಬರಬೇಡಿ. ರೈಲ್ವೆಯಿಂದ ತರಿಸಿಕೊಡಿ ಎಂದು ನಾಲ್ಕು ಜನ ಸೇರಿ ಒಂದು ಅರ್ಜಿ ಬರೆದುಕೊಡಿ. ಮುಖ್ಯಸ್ಥರ ಸಹಿ, ಕಾಲೇಜಿನ ಸೀಲು ಎರಡೂ ಬೀಳಬೇಕು. ಫಾರ್ಮಿನಲ್ಲಿ ಗೀಚು, ತಿದ್ದು ಇರಬಾರದು. ಹುಟ್ಟಿದ ದಿನಾಂಕ ಒಂದು ಅಂಕಿ ತಿದ್ದಿದ್ದರೂ ಅಲ್ಲೇ ಪಕ್ಕದಲ್ಲಿ ಸಹಿ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಕೌಂಟರಿನಲ್ಲಿ ವಾಪಸ್ ಕಳಿಸುತ್ತಾರೆ. ಆಗ ಮತ್ತೆ ಕಾಲೇಜಿಗೆ, ಮತ್ತೆ ಸಾಲಿಗೆ.

ಲೆಕ್ಕವನ್ನೂ ತಿಳಿದುಕೊಳ್ಳಿ. ಕಡಿತ ಸಿಗುವುದು ಮೂಲ ದರದಲ್ಲಿ ಮಾತ್ರ. ಸ್ಲೀಪರ್‌ನ ರಿಸರ್ವೇಷನ್ ಶುಲ್ಕ 20 ರೂಪಾಯಿ, ಸೂಪರ್‌ಫಾಸ್ಟ್ ಗಾಡಿಯಾದರೆ ಇನ್ನೂ 30 ರೂಪಾಯಿ ಪೂರ್ತಿ ಕಟ್ಟಬೇಕು. ಮೂಲ ದರ 300 ಎಂದಿಟ್ಟುಕೊಳ್ಳಿ. ಸಾಮಾನ್ಯ ಎಕ್ಸ್‌ಪ್ರೆಸ್ ಆದರೆ 150ಕ್ಕೆ 20 ಸೇರಿ 170. ಸೂಪರ್‌ಫಾಸ್ಟ್ ಆದರೆ 200. ಕಲಬುರಗಿಗೆ ಉದ್ಯಾನ್ ಎಕ್ಸ್‌ಪ್ರೆಸ್ಸೂ ಹೋಗುತ್ತದೆ, ಕರ್ನಾಟಕ ಎಕ್ಸ್‌ಪ್ರೆಸ್ಸೂ ಹೋಗುತ್ತದೆ. ಎರಡನೆಯದು ಸೂಪರ್‌ಫಾಸ್ಟ್. ಸಮಯ ಹೊಂದಿದರೆ ನಾನು ಉದ್ಯಾನ್ ಹಿಡಿಯುತ್ತೇನೆ. ಪರಿಶಿಷ್ಟ ಜಾತಿ, ಪಂಗಡದ ಗೆಳೆಯರಿಗೆ ಇದೇ ಲೆಕ್ಕದಲ್ಲಿ 75ಕ್ಕೆ 20 ಸೇರಿ 95 ರೂಪಾಯಿ.

ತತ್ಕಾಲ್‌ನಲ್ಲಿ ಈ ರಿಯಾಯಿತಿ ಇಲ್ಲ. ಆದ್ದರಿಂದ ಮೊದಲೇ ಬುಕ್ ಮಾಡಬೇಕು. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ. ದಸರಾ, ದೀಪಾವಳಿಗೆ ಊರಿಗೆ ಹೋಗುವವರು ಕ್ಯಾಲೆಂಡರ್ ನೋಡಿ ಎರಡು ತಿಂಗಳು ಹಿಂದಕ್ಕೆ ಎಣಿಸಿ. ಫಾರ್ಮಿಗೆ ಸಹಿ ಆಗಲು ಒಂದು ವಾರ ಬೇಕಾಗಬಹುದು, ಅದನ್ನೂ ಸೇರಿಸಿಕೊಳ್ಳಿ. ಮಧ್ಯಾಹ್ನದ ಹೊತ್ತು ಕೌಂಟರಿನಲ್ಲಿ ಜನ ಕಡಿಮೆ. ಬೆಂಗಳೂರು ಸಿಟಿ ಸ್ಟೇಷನ್ನಿಗೇ ಹೋಗಬೇಕೆಂದಿಲ್ಲ, ಹತ್ತಿರದ ಯಾವ ರಿಸರ್ವೇಷನ್ ಕೌಂಟರ್ ಆದರೂ ನಡೆಯುತ್ತದೆ.

ದಿನಾ ಓಡಾಡುವವರಿಗೆ ಇನ್ನೊಂದು ಮಾತು. ಮಂಡ್ಯ, ರಾಮನಗರ, ತುಮಕೂರಿನಿಂದ ರೈಲಿನಲ್ಲಿ ಬಂದು ಹೋಗುವವರು ತುಂಬಾ ಜನ. ಪದವಿಯವರೆಗೆ ಓದುವ ಹೆಣ್ಣುಮಕ್ಕಳಿಗೆ ಮನೆಯಿಂದ ಕಾಲೇಜಿಗೆ ಸೆಕೆಂಡ್ ಕ್ಲಾಸ್ ಮಾಸಿಕ ಸೀಸನ್ ಟಿಕೆಟ್ ಪುಕ್ಕಟೆ. ಹುಡುಗರಿಗೆ ಇದು ಪಿಯುಸಿ ತನಕ. ಆಮೇಲೆ ವಿದ್ಯಾರ್ಥಿ ದರದ ಸೀಸನ್ ಟಿಕೆಟ್ ಇದೆ. ಇದಕ್ಕೂ ಕಾಲೇಜಿನ ಪತ್ರ ಬೇಕು. ಸೀಸನ್ ಟಿಕೆಟ್ ಇಟ್ಟುಕೊಂಡು ರಿಸರ್ವೇಷನ್ ಬೋಗಿ ಹತ್ತಬೇಡಿ, ಉಳಿಸಿದ್ದೆಲ್ಲ ದಂಡಕ್ಕೆ ಹೋಗುತ್ತದೆ.

ಬಸ್ಸು, ಮೆಟ್ರೊ

ಬಸ್ಸಿನ ವಿಷಯ ಸುಲಭ. ಕರ್ನಾಟಕದ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದೊಳಗಿನ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ಶೂನ್ಯ ಟಿಕೆಟ್. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಇಲ್ಲ. ನನ್ನ ತಂಗಿ ಧಾರವಾಡದಲ್ಲಿ ಓದುತ್ತಾಳೆ, ಊರಿಗೆ ಬಂದು ಹೋಗಲು ಬಸ್ಸಿಗೆ ದುಡ್ಡು ಕೊಡುವುದಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ಹೊರರಾಜ್ಯದಿಂದ ಓದಲು ಬಂದ ಹುಡುಗಿಯರಿಗೆ ಇದು ಅನ್ವಯಿಸುವುದಿಲ್ಲ. ಅವರೂ ಹುಡುಗರ ಹಾಗೆ ವಿದ್ಯಾರ್ಥಿ ಪಾಸ್ ಮಾಡಿಸಬೇಕು.

ಪಾಸಿಗೆ ಅರ್ಜಿ ಸೇವಾ ಸಿಂಧು ಪೋರ್ಟಲ್‌ನಲ್ಲಿ ಹಾಕಬೇಕು. 2025ರ ಜನವರಿಯಲ್ಲಿ ದರ ಏರಿದ ಮೇಲೆ ಬಿಎಂಟಿಸಿಯ ಸಾಮಾನ್ಯ ಮಾಸಿಕ ಪಾಸ್ 1,200 ರೂಪಾಯಿ. ಅಂಥ ಒಂದೆರಡು ಪಾಸಿನ ದುಡ್ಡಿಗೆ ವಿದ್ಯಾರ್ಥಿಗೆ ಇಡೀ ಶೈಕ್ಷಣಿಕ ವರ್ಷದ ಪಾಸೇ ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸಂಸ್ಕರಣಾ ಶುಲ್ಕ ಅಷ್ಟೇ. ಹೀಗಿದ್ದೂ ಎಷ್ಟೋ ಹುಡುಗರು ನವೆಂಬರ್ ತನಕ ದಿನಾ ಟಿಕೆಟ್ ತಗೊಂಡು ಓಡಾಡುತ್ತಾರೆ. ಶುರುವಿನಲ್ಲೇ ಮಾಡಿಸಿದರೆ ತಾನೇ ಪೂರ್ತಿ ಲಾಭ? ಅರ್ಜಿಯಲ್ಲಿ ಹತ್ತುವ ನಿಲ್ದಾಣ, ಇಳಿಯುವ ನಿಲ್ದಾಣದ ಹೆಸರು ಸರಿಯಾಗಿ ಹಾಕಿ. ಉಳಿದುಕೊಂಡಿರುವ ಪಿಜಿ ರೂಮು ಬದಲಾಯಿಸುವ ಯೋಚನೆ ಇದ್ದರೆ ಮೊದಲು ಅದನ್ನು ಗಟ್ಟಿ ಮಾಡಿಕೊಂಡು ಆಮೇಲೆ ಅರ್ಜಿ ಹಾಕಿ.

ಮೆಟ್ರೊದಲ್ಲಿ ಸ್ಮಾರ್ಟ್ ಕಾರ್ಡಿಗೆ ಎಲ್ಲರಿಗೂ ಸಿಗುವ ಶೇ 5ರ ಕಡಿತ ಇದೆ. ಜ್ಞಾನಭಾರತಿಗೆ ನೇರಳೆ ಮಾರ್ಗದಲ್ಲಿ ನಿಲ್ದಾಣವಿದೆ, ಬೇಗ ತಲುಪುತ್ತೀರಿ. ಆದರೆ ದಿನನಿತ್ಯದ ಓಡಾಟಕ್ಕೆ ಪಾಸಿರುವ ಬಸ್ಸೇ ಜೇಬಿಗೆ ಒಳ್ಳೆಯದು.

ಪುಸ್ತಕ

ಪಠ್ಯಪುಸ್ತಕವನ್ನು ಹೊಸದಾಗಿ ಕೊಳ್ಳುವ ಮೊದಲು ಅವೆನ್ಯೂ ರಸ್ತೆಗೆ ಹೋಗಿ. ಮೆಜೆಸ್ಟಿಕ್‌ನಿಂದ ನಡೆದೇ ಹೋಗಬಹುದು. ಫುಟ್‌ಪಾತಿನ ಮೇಲೆ, ಸಣ್ಣ ಅಂಗಡಿಗಳಲ್ಲಿ ಎಂಜಿನಿಯರಿಂಗ್, ಕಾಮರ್ಸ್, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಆಳೆತ್ತರ ಪೇರಿಸಿರುತ್ತವೆ. ಲೇಖಕರ ಹೆಸರು, ಪುಸ್ತಕದ ಹೆಸರು, ಎಷ್ಟನೇ ಆವೃತ್ತಿ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ವಿಷಯದ ಹೆಸರು ಮಾತ್ರ ಹೇಳಿದರೆ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ.

ಪುಸ್ತಕ ಕೈಗೆ ಬಂದ ಕೂಡಲೇ ಬೆಲೆ ಕೇಳಬೇಡಿ. ಮೊದಲು ಬೈಂಡಿಂಗ್ ನೋಡಿ, ಬೆನ್ನು ಬಿಟ್ಟಿದೆಯಾ. ಆಮೇಲೆ ಕೊನೆಯ ಅಧ್ಯಾಯ ಮತ್ತು ಉತ್ತರಗಳ ಪುಟ ತೆಗೆದು ನೋಡಿ. ಪರೀಕ್ಷೆ ಹೊತ್ತಿಗೆ ಜನ ಹರಿದುಕೊಳ್ಳುವುದು ಆ ಪುಟಗಳನ್ನೇ. ಆಮೇಲೆ ನಡುವೆ ಎಲ್ಲಾದರೂ ತೆರೆದು ಅಚ್ಚು ನೋಡಿ. ಅಕ್ಷರ ಮಸುಕಾಗಿ, ಚಿತ್ರಗಳು ಕಪ್ಪು ಮುದ್ದೆಯಾಗಿದ್ದರೆ ಅದು ಕಳ್ಳ ಮುದ್ರಣ, ಬೇಡ. ಕೊನೆಗೆ ಬೆಲೆ ಮಾತಾಡಿ. ಜೊತೆಗೆ "ಓದಿ ಆದ್ಮೇಲೆ ವಾಪಸ್ ತಗೋತೀರಾ, ಎಷ್ಟಕ್ಕೆ?" ಎಂದೂ ಕೇಳಿ. ವಾಪಸ್ ತಗೊಳ್ಳುವ ಅಂಗಡಿಯಾದರೆ ಪುಸ್ತಕಕ್ಕೆ ಪೆನ್ನಿನಿಂದ ಗೆರೆ ಹಾಕಬೇಡಿ, ಪೆನ್ಸಿಲ್ ಸಾಕು. ಸೆಮಿಸ್ಟರ್ ಮುಗಿದ ಕೂಡಲೇ ಕೊಟ್ಟುಬಿಡಿ. ಪಠ್ಯಕ್ರಮ ಬದಲಾದ ಮೇಲೆ ಅದನ್ನು ಯಾರೂ ಕೇಳುವುದಿಲ್ಲ.

ವಿದೇಶಿ ಪ್ರಕಾಶಕರ ದೊಡ್ಡ ಪುಸ್ತಕಗಳಿಗೆ ಭಾರತದ ಆವೃತ್ತಿ ಎಂದು ಬೇರೆ ಇರುತ್ತದೆ. ಕಾಗದ ಸ್ವಲ್ಪ ತೆಳು, ಬೆಲೆ ತುಂಬಾ ಕಡಿಮೆ. ಆನ್‌ಲೈನ್‌ನಲ್ಲಿ ಸಾವಿರಾರು ರೂಪಾಯಿ ಕಂಡರೆ ಹೆದರಬೇಡಿ, ಭಾರತೀಯ ಆವೃತ್ತಿ ಇದೆಯಾ ಹುಡುಕಿ. ಸಾಹಿತ್ಯ, ಇತಿಹಾಸದವರು ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದ ಅಂಗಡಿಗಳನ್ನೂ ನೋಡಿ. ಬ್ಲಾಸಮ್, ಬುಕ್‌ವರ್ಮ್ ಎರಡೂ ಅಲ್ಲೇ ಇವೆ.

ಕನ್ನಡ ಪುಸ್ತಕಕ್ಕೆ ನವೆಂಬರ್ ತಿಂಗಳು ಕಾಯಿರಿ. ರಾಜ್ಯೋತ್ಸವದ ಹೆಸರಿನಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ತನ್ನ ಪ್ರಕಟಣೆಗಳನ್ನು ಅರ್ಧ ಬೆಲೆಗೆ ಕೊಡುವುದುಂಟು. ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳಲ್ಲೂ ರಿಯಾಯಿತಿ ಮಾರಾಟ ಇರುತ್ತದೆ. ಮೊದಲೇ ಕಡಿಮೆ ಬೆಲೆಯ ಪುಸ್ತಕಗಳು, ಅದರಲ್ಲೂ ಅರ್ಧ. ಎಂ.ಎ. ಕನ್ನಡದವರು ಎರಡು ವರ್ಷಕ್ಕೆ ಬೇಕಾದ್ದನ್ನು ಒಂದೇ ಸಲ ಹೊತ್ತುಕೊಂಡು ಬರಬಹುದು.

ಇನ್ನು ಸಂಶೋಧನಾ ಲೇಖನಗಳಿಗೆ ದುಡ್ಡು ಕೊಡಲೇಬೇಡಿ. 2025ರ ಜನವರಿ 1ರಿಂದ 'ಒಂದು ದೇಶ ಒಂದು ಚಂದಾ' ಯೋಜನೆ ನಡೆಯುತ್ತಿದೆ. ಕೇಂದ್ರ ಸರ್ಕಾರ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಎತ್ತಿಟ್ಟು 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ತೆರೆದಿದೆ. ಒಂದೊಂದು ಲೇಖನಕ್ಕೆ ಮೂವತ್ತು ನಲವತ್ತು ಡಾಲರ್ ಕೇಳುವ ಜಾಲತಾಣಗಳು ಕ್ಯಾಂಪಸ್ ಒಳಗಿನಿಂದ ಪುಕ್ಕಟೆ ತೆರೆದುಕೊಳ್ಳುತ್ತವೆ. ಲೈಬ್ರರಿಯಲ್ಲಿ ಇನ್‌ಫೆಡ್ ಲಾಗಿನ್ ಕೇಳಿ, ಮಾಡಿಕೊಟ್ಟರೆ ರೂಮಿನಿಂದಲೂ ಓದಬಹುದು. ಖಾಸಗಿ ಕಾಲೇಜಿನವರಿಗೆ ಇಂಥ ಲೇಖನಗಳ ಜಾಲತಾಣ ಜೆಸ್ಟೋರ್ ಇದೆ, ಸ್ವಂತ ಖಾತೆ ಮಾಡಿಕೊಂಡರೆ ತಿಂಗಳಿಗೆ 100 ಲೇಖನ ಆನ್‌ಲೈನ್‌ನಲ್ಲಿ ಓದಲು ಸಿಗುತ್ತವೆ. ಭಾರತದ ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಯಾರಿಗಾದರೂ ಪುಕ್ಕಟೆ. ನನ್ನ ದೃಷ್ಟಿಯಲ್ಲಿ ಈ ಹೊತ್ತಿನ ವಿದ್ಯಾರ್ಥಿಗೆ ಸಿಕ್ಕಿರುವ ಅತಿ ದೊಡ್ಡ ಸವಲತ್ತು ಇದೇ. ಕೋಟಿಗಟ್ಟಲೆ ಕೊಟ್ಟು ತೆರೆಸಿದ ಬಾಗಿಲನ್ನು ನಾವು ತಟ್ಟದೇ ಇರುವುದು ನನಗೆ ಸಂಕಟ ತರುತ್ತದೆ.

ಕಾಲೇಜಿನ ಇಮೇಲ್

ಕಾಲೇಜಿನ ಹೆಸರಿರುವ ಇಮೇಲ್ ಕೊಟ್ಟರೆ ಅದನ್ನು ಚೆನ್ನಾಗಿ ಬಳಸಿ. ಕಾಲೇಜು ನೋಂದಾಯಿಸಿಕೊಂಡಿದ್ದರೆ ಮೈಕ್ರೋಸಾಫ್ಟ್‌ನ ವರ್ಡ್, ಎಕ್ಸೆಲ್ ಬ್ರೌಸರ್‌ನಲ್ಲಿ ಪುಕ್ಕಟೆ. ಕಂಪ್ಯೂಟರ್ ಓದುವವರಿಗೆ, ಕೋಡ್ ಬರೆಯುವ ಸಲಕರಣೆಗಳು ಪುಕ್ಕಟೆ ಸಿಗುವ ಗಿಟ್‌ಹಬ್‌ನ ವಿದ್ಯಾರ್ಥಿ ಪ್ಯಾಕ್ ಇದೆ. ಸಿವಿಲ್, ಮೆಕ್ಯಾನಿಕಲ್‌ನವರಿಗೆ ಆಟೋಕ್ಯಾಡ್ ಒಂದು ವರ್ಷಕ್ಕೆ ಪುಕ್ಕಟೆ, ಓದುತ್ತಿರುವವರೆಗೆ ನವೀಕರಿಸಿಕೊಳ್ಳಬಹುದು. ಪೈರೇಟೆಡ್ ಸಾಫ್ಟ್‌ವೇರ್ ಹಾಕಿಸಲು ಯಾರಿಗೋ ದುಡ್ಡು ಕೊಡುವ ಅಗತ್ಯವೇ ಇಲ್ಲ.

ಹಾಡು, ವಿಡಿಯೊ ಚಂದಾಗಳಲ್ಲೂ ವಿದ್ಯಾರ್ಥಿ ದರ ಇರುತ್ತದೆ. 2024ರ ಆಗಸ್ಟ್‌ನಲ್ಲಿ ಬೆಲೆ ಏರಿದಾಗ ಯೂಟ್ಯೂಬ್ ಪ್ರೀಮಿಯಂ ತಿಂಗಳಿಗೆ 149 ಆಯಿತು, ವಿದ್ಯಾರ್ಥಿಗೆ 89. ವರ್ಷಕ್ಕೊಮ್ಮೆ ವಿದ್ಯಾರ್ಥಿ ಎಂದು ಮತ್ತೆ ತೋರಿಸಬೇಕು. ತೋರಿಸದಿದ್ದರೆ ಪೂರ್ತಿ ದರ ಕಡಿತವಾಗುತ್ತದೆ. ಇಂಥದ್ದಕ್ಕೆಲ್ಲ ಯುಪಿಐ ಆಟೋಪೇ ಕೊಟ್ಟಿರುತ್ತೀರಿ ಅಲ್ವಾ, ತಿಂಗಳಿಗೊಮ್ಮೆ ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಪಟ್ಟಿ ತೆರೆದು ಬೇಡದ್ದನ್ನು ರದ್ದು ಮಾಡಿ.

ಹೊಸ ಲ್ಯಾಪ್‌ಟಾಪ್ ಕಂಪನಿಗಳ ವಿದ್ಯಾರ್ಥಿ ಬೆಲೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಅದೇ ಮಾಡೆಲ್ ಹಬ್ಬದ ಸೇಲಿನಲ್ಲಿ ಎಷ್ಟಿತ್ತು, ಅಂಗಡಿಯಲ್ಲಿ ಎಷ್ಟಿದೆ ಹೋಲಿಸಿ. ಬರೀ ಟೈಪ್ ಮಾಡಲು, ಓದಲು ಬೇಕಾದವರಿಗೆ ಎಸ್.ಪಿ. ರಸ್ತೆಯಲ್ಲಿ ಸಿಗುವ, ಕಂಪನಿಗಳು ಬಳಸಿ ಬಿಟ್ಟ ಹಳೆ ಲ್ಯಾಪ್‌ಟಾಪೇ ಸಾಕು. ಚಾರ್ಜರ್ ಕಿತ್ತು ಅರ್ಧ ಗಂಟೆ ಅಲ್ಲೇ ಓಡಿಸಿ ನೋಡಿ, ಎಲ್ಲ ಕೀ ಒತ್ತಿ ನೋಡಿ, ಬಿಲ್ ಮತ್ತು ವಾರಂಟಿ ಬರೆಸಿಕೊಳ್ಳಿ.

"ಇವತ್ತೇ ಕಟ್ಟಿದರೆ ಅರ್ಧ" ಎನ್ನುವ ಕೋಚಿಂಗ್‌ನವರ ಮಾತಿಗೆ ಮಾತ್ರ ಬಗ್ಗಬೇಡಿ. ನಾಳೆ ಹೋದರೂ ಅದೇ ಅರ್ಧ ಇರುತ್ತದೆ. ಫೋನಿನಲ್ಲಿ ಬರುವ ಸಾಲದ ಆ್ಯಪ್‌ಗಳು ವಿದ್ಯಾರ್ಥಿಗಳಿಗೆ ಆಫರ್ ಎನ್ನುತ್ತವೆ, ಅವುಗಳ ಹತ್ತಿರವೂ ಹೋಗಬೇಡಿ.

ಪರೀಕ್ಷೆ ಶುಲ್ಕ

ಕೊನೆಯ ವರ್ಷದವರಿಗೆ ಇದು. ಕಾಲೇಜು ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆ ಯುಜಿಸಿ ನೆಟ್ ಅರ್ಜಿಗೆ 2024ರಲ್ಲಿ ಸಾಮಾನ್ಯ ವರ್ಗಕ್ಕೆ 1,150 ರೂಪಾಯಿ, ಒಬಿಸಿ ಮತ್ತು ಆರ್ಥಿಕವಾಗಿ ಹಿಂದುಳಿದವರಿಗೆ 600, ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ 325 ಇತ್ತು. ನಮ್ಮ ರಾಜ್ಯದ 2ಎ, 3ಎ, 3ಬಿ ಪ್ರಮಾಣ ಪತ್ರ ಅಲ್ಲಿ ನಡೆಯುವುದಿಲ್ಲ. ಕೇಂದ್ರದ ನಮೂನೆಯ ಒಬಿಸಿ ಪತ್ರ ಬೇಕು, ಕೆನೆಪದರಕ್ಕೆ ಸೇರಿಲ್ಲ ಎಂದು ಅದರಲ್ಲಿ ಬರೆದಿರಬೇಕು. ನಿಮ್ಮ ಜಾತಿ ರಾಜ್ಯದ ಪಟ್ಟಿಯಲ್ಲಿದ್ದು ಕೇಂದ್ರದ ಪಟ್ಟಿಯಲ್ಲಿ ಇಲ್ಲದೇ ಇರಬಹುದು, ಮೊದಲು ಅದನ್ನು ನೋಡಿಕೊಳ್ಳಿ. ಇಂಥದ್ದೇ ನಮ್ಮ ರಾಜ್ಯದ ಪರೀಕ್ಷೆ ಕೆಸೆಟ್‌ನಲ್ಲಿ ಲೆಕ್ಕ ಬೇರೆ: ಇತ್ತೀಚಿನ ಸಲ ಪ್ರವರ್ಗ 1, ಪರಿಶಿಷ್ಟರು, ಅಂಗವಿಕಲರಿಗೆ 700, ಉಳಿದವರಿಗೆಲ್ಲ 1,000.

ಕೇಂದ್ರದ ನಮೂನೆಯ ಪತ್ರ ತಹಶೀಲ್ದಾರರಿಂದ ಬರಬೇಕು. ಅರ್ಜಿ ನಾಡಕಚೇರಿಯಲ್ಲಿ ಕೊಡಬೇಕು. ಗ್ರಾಮ ಆಡಳಿತ ಅಧಿಕಾರಿಯ (ಮೊದಲಿನ ಗ್ರಾಮ ಲೆಕ್ಕಿಗರ) ವರದಿ ಆಗಿ ಕೈಗೆ ಬರಲು ದಿನ ಹಿಡಿಯುತ್ತದೆ, ನೆಟ್ ಅರ್ಜಿ ತೆರೆದಿರುವುದು ಕೆಲವೇ ವಾರ. ಆದ್ದರಿಂದ ಬೇಸಿಗೆ ರಜೆಗೆ ಅರ್ಧ ಟಿಕೆಟ್ಟಿನಲ್ಲಿ ಊರಿಗೆ ಹೋದಾಗಲೇ ಅರ್ಜಿ ಕೊಟ್ಟು, ರಸೀದಿ ಇಸಿದುಕೊಂಡು ಬನ್ನಿ.